ಸೂರಿಲ್ಲದ ಜೀಪು: ಬಾರ್ಬಡೋಸ್ ಸುತ್ತುವವರು ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ ಈ ಸೂಚನೆ

ಕ್ರೂಸ್ ಹಡಗಿನಿಂದ ಬ್ರಿಜ್‌ಟೌನ್ ಬಂದರಿನಲ್ಲಿಳಿದು ಒಂದು ಹಗಲಿನ ಮಟ್ಟಿಗೆ ಜೀಪು ಗೊತ್ತುಮಾಡಿಕೊಳ್ಳುವವರಿಗೆ, ಅಮೆರಿಕದಲ್ಲಿರುವ ಮಗ-ಸೊಸೆಯ ಜೊತೆ ರಜೆಗೆ ಬಂದ ಅಪ್ಪ-ಅಮ್ಮಂದಿರಿಗೆ, ಕ್ರಿಕೆಟ್ ನೋಡಲು ಬಂದು ಒಂದು ದಿನ ಕೈಯಲ್ಲಿ ಉಳಿದವರಿಗೆ. ಜೀಪು ನಿಮ್ಮ ಮನೆಯವರಿಗಷ್ಟೇ. ಚಾಲಕನೇ ಮಾರ್ಗದರ್ಶಿ. ಮೇಲೆ ಸೂರಿಲ್ಲ, ಪಕ್ಕಕ್ಕೆ ಗಾಜಿಲ್ಲ.

ಎ.ಸಿ. ಬಸ್ಸಿನೊಳಗೆ ಕೂತವನು ಊರನ್ನು ನೋಡುತ್ತಾನೆ, ಊರಿಗೆ ಅವನು ಕಾಣುವುದಿಲ್ಲ. ತೆರೆದ ಜೀಪಿನಲ್ಲಿ ಹಾಗಲ್ಲ. ನೀವು ನೋಡಿದಷ್ಟೇ ಊರೂ ನಿಮ್ಮನ್ನು ನೋಡುತ್ತದೆ. ನೀವು ಆಡಿದ ಮಾತು ರಸ್ತೆಬದಿಯ ಜಗಲಿಗೆ ಕೇಳುತ್ತದೆ. ಬಿಸಿಲು, ಕೆಸರು, ಮರದ ಹಾಲು ನೇರ ಮೈಮೇಲೆ ಬೀಳುತ್ತವೆ. ಕೆಳಗಿನ ನಿಯಮಗಳು ಬಹುಪಾಲು ಹುಟ್ಟಿದ್ದು ಈ ಒಂದು ಸಂಗತಿಯಿಂದ.

1. ಜೀಪು ಗೊತ್ತುಮಾಡುವಾಗ

ಮಾಡಬೇಕಾದ್ದು

• ದರ ಹೇಳಿದ ಕೂಡಲೇ "ಯಾವ ಡಾಲರ್?" ಎಂದು ಕೇಳಿ. ಬಾರ್ಬಡೋಸಿಗೆ ತನ್ನದೇ ಡಾಲರ್ ಇದೆ. 1975ರಿಂದ 2 ಬಾರ್ಬಡೋಸ್ ಡಾಲರಿಗೆ 1 ಅಮೆರಿಕನ್ ಡಾಲರ್ ಎಂಬ ಲೆಕ್ಕ ಬದಲಾಗಿಲ್ಲ. ಎರಡೂ ನೋಟು ಅಂಗಡಿಗಳಲ್ಲಿ ಓಡುತ್ತವೆ, ಎರಡನ್ನೂ ಜನ ಬರೀ "ಡಾಲರ್" ಎನ್ನುತ್ತಾರೆ. ಕೇಳದೆ ತಲೆಯಾಡಿಸಿದರೆ ಖರ್ಚು ದುಪ್ಪಟ್ಟಾಗಬಹುದು.

• ದರ ಜೀಪಿಗೋ ತಲೆಗೋ, ಗುಹೆ-ಬಂಗಲೆಗಳ ಟಿಕೆಟ್ಟು ಅದರಲ್ಲೇ ಸೇರಿದೆಯೋ, ಪ್ರಯಾಣಿಕರಿಗೆ ವಿಮೆ ಇದೆಯೋ, ಮಳೆ ಬಂದು ಹೊರಡದಿದ್ದರೆ ಹಣ ವಾಪಸೋ, ಇವು ನಾಲ್ಕನ್ನೂ ಬರಹದಲ್ಲಿ ಪಡೆಯಿರಿ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2024ರ ಜೂನ್ 29ರಂದು ಇಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡವನ್ನೇ 'ಬೆರಿಲ್' ಚಂಡಮಾರುತ ಹೋಟೆಲಿನಲ್ಲಿ ಕೂಡಿಹಾಕಿತ್ತು. ಅವರಿಗೆ ವಿಶೇಷ ವಿಮಾನ ಬಂತು. ನಿಮಗೆ ಬರುವುದಿಲ್ಲ.

• ಎಲ್ಲ ಸೀಟಿಗೂ ಬೆಲ್ಟು ಇದೆಯೇ, ಚಿಕ್ಕ ಮಕ್ಕಳಿಗೆ ಬೇರೆ ಸೀಟು ಕೊಡುತ್ತಾರೆಯೇ, ಅಜ್ಜಿ ಹತ್ತಲು ಮೆಟ್ಟಿಲಿದೆಯೇ ಎಂದು ಮೊದಲೇ ವಿಚಾರಿಸಿ. ಸೊಂಟನೋವು ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಗುಡ್ಡದ ಕಚ್ಚಾ ದಾರಿ ಬಿಟ್ಟು ಡಾಂಬರು ರಸ್ತೆಯ ಸುತ್ತನ್ನೇ ಆರಿಸಿಕೊಳ್ಳಬೇಕು.

• ಹಡಗಿನಿಂದ ಬಂದವರು ಹಡಗಿನ ಗಡಿಯಾರ ನೋಡಿಕೊಂಡು ಹೊರಡಿ. ಚಳಿಗಾಲದಲ್ಲಿ ಬಾರ್ಬಡೋಸ್ ಮಯಾಮಿಗಿಂತ ಒಂದು ಗಂಟೆ ಮುಂದಿರುತ್ತದೆ. ಹಡಗಿನ ವೇಳೆ ಒಂದು, ಮೊಬೈಲು ತೋರಿಸುವ ವೇಳೆ ಇನ್ನೊಂದು ಆಗಬಹುದು. ಹಡಗು ಹತ್ತುವ ಕೊನೆಯ ಗಳಿಗೆಗೆ ಎರಡು ಗಂಟೆ ಮೊದಲೇ ಬಂದರಿನಲ್ಲಿರಬೇಕೆಂದು ಚಾಲಕನಿಗೆ ಬೆಳಿಗ್ಗೆಯೇ ತಿಳಿಸಿ.

ಮಾಡಬಾರದ್ದು

• ಖಾಸಗಿಯಾಗಿ ಜೀಪು ಮಾಡಿಕೊಂಡವರಿಗೆ ಹಡಗು ಕಾಯುತ್ತದೆ ಎಂದು ನಂಬಬೇಡಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಅದು ಅವರ ಹೊಣೆ. ನಿಮ್ಮದು ತಡವಾದರೆ ನಿಮ್ಮ ಹಣೆಬರಹ.

• ದ್ವೀಪ ಚಿಕ್ಕದೆಂದು ಪಟ್ಟಿಯನ್ನು ಉದ್ದ ಮಾಡಬೇಡಿ. ಉದ್ದ 34 ಕಿ.ಮೀ., ಅಗಲ 23 ಕಿ.ಮೀ., ಒಟ್ಟು 431 ಚದರ ಕಿ.ಮೀ.; ಬೆಂಗಳೂರಿಗಿಂತ ಸಣ್ಣದು, ನಿಜ. ಆದರೆ ಒಳನಾಡಿನ ರಸ್ತೆಗಳು ಕಬ್ಬಿನ ಗದ್ದೆಗಳ ನಡುವೆ ಹಾವಿನಂತೆ ಸುತ್ತುತ್ತವೆ, ಎದುರಿಗೆ ಬಸ್ಸು ಬಂದರೆ ಒಬ್ಬರು ನಿಂತು ದಾರಿ ಬಿಡಬೇಕು. ಒಂದು ಹಗಲಿಗೆ ಒಂದೇ ಸುತ್ತು. ಉತ್ತರದ್ದಾದರೆ ಸ್ಪೈಟ್ಸ್‌ಟೌನ್, ಆನಿಮಲ್ ಫ್ಲವರ್ ಗುಹೆ, ಚೆರ್ರಿ ಟ್ರೀ ಹಿಲ್, ಮೋರ್ಗನ್ ಲೂಯಿಸ್ ಗಾಳಿಗಿರಣಿ, ಬಾತ್‌ಶೀಬಾ. ನಡುನಾಡಿನದ್ದಾದರೆ ಗನ್ ಹಿಲ್, ಹ್ಯಾರಿಸನ್ ಗುಹೆ, ಸೇಂಟ್ ಜಾನ್ ಚರ್ಚು, ಹ್ಯಾಕಲ್‌ಟನ್ ಕ್ಲಿಫ್. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡುವುದು ಚಾಲಕನ ಬೆನ್ನನ್ನು ಮಾತ್ರ.

• "ನಮ್ಮಲ್ಲೂ ಎಡಗಡೆಯೇ ಓಡಿಸುವುದು" ಎಂದು ಅರ್ಧ ದಾರಿಯಲ್ಲಿ ಸ್ಟಿಯರಿಂಗ್ ಕೇಳಬೇಡಿ. ಹೊರಗಿನವರು ಗಾಡಿ ಓಡಿಸಲು ಅಲ್ಲಿನ ಪರ್ಮಿಟ್ ಬೇಕು. ಬಾಡಿಗೆಗೆ ಪಡೆದು ಸ್ವತಃ ಓಡಿಸುವ ಗಾಡಿಗಳ ನಂಬರ್ ಪ್ಲೇಟು 'ಎಚ್' ಅಕ್ಷರದಿಂದ ಶುರುವಾಗುತ್ತದೆ. ಅದನ್ನು ಕಂಡ ಸ್ಥಳೀಯರು ಸ್ವಲ್ಪ ದೂರ ಇಟ್ಟುಕೊಂಡೇ ಓಡಿಸುತ್ತಾರೆ. ಕಾರಣ ಹೇಳಬೇಕಿಲ್ಲ.

2. ಉಡುವುದು, ತೊಡುವುದು

ಮಾಡಬೇಕಾದ್ದು

• ಬೆಳಿಗ್ಗೆ ಹೊರಡುವ ಮುನ್ನವೇ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಾರ್ಬಡೋಸ್ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹೆಚ್ಚುಕಡಿಮೆ ಬೆಂಗಳೂರು-ಮಂಗಳೂರಿನ ಗೆರೆಯಲ್ಲೇ. "ನಮಗೆ ಈ ಬಿಸಿಲು ಹೊಸದೇ?" ಎನ್ನುವವರೇ ಸಂಜೆಗೆ ಸುಟ್ಟ ಬದನೆಕಾಯಿ ಆಗುವುದು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಬೆವರನ್ನು ಒಣಗಿಸುತ್ತಲೇ ಇರುತ್ತದೆ. ಸೆಕೆ ತಿಳಿಯುವುದಿಲ್ಲ, ಚರ್ಮ ಮಾತ್ರ ಬೇಯುತ್ತದೆ.

• ಗಲ್ಲದಡಿ ದಾರ ಕಟ್ಟುವ ಟೋಪಿ, ತುಂಬುತೋಳಿನ ಹತ್ತಿ ಅಂಗಿ, ಕೆಸರಾದರೂ ಬೇಸರವಾಗದ ಚಪ್ಪಲಿ ಇರಲಿ. ಉದ್ದ ಜಡೆಯನ್ನು ಸುತ್ತಿ ಕಟ್ಟಿ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ದುಪಟ್ಟಾ ಚೀಲದೊಳಗಿರಲಿ.

ಮಾಡಬಾರದ್ದು

• ಮಿಲಿಟರಿಯವರಂತೆ ಹಸಿರು-ಕಂದು ಮಚ್ಚೆಯ ಬಟ್ಟೆ ಹಾಕಲೇಬೇಡಿ. ಬಾರ್ಬಡೋಸಿನಲ್ಲಿ ನಾಗರಿಕರು ಕ್ಯಾಮಫ್ಲಾಜ್ ತೊಡುವುದು ಕಾನೂನಿಗೆ ವಿರುದ್ಧ. ಮಗುವಿನ ಚಡ್ಡಿಗೂ ಟೋಪಿಗೂ ಬೆನ್ನುಚೀಲಕ್ಕೂ ಅದೇ ನಿಯಮ. ಜೀಪು ಸಫಾರಿ ಎಂದ ಕೂಡಲೇ ಕೆಲವರಿಗೆ ಮೊದಲು ಹೊಳೆಯುವುದು ಇದೇ ಬಟ್ಟೆ. ಅದು ಮನೆಯಲ್ಲೇ ಇರಲಿ.

• ಈಜುಡುಗೆಯಲ್ಲಿ ಪೇಟೆ ಸುತ್ತಬೇಡಿ. ಕಡಲಂಚು ಬಿಟ್ಟಮೇಲೆ ಅಂಗಿ ಬೇಕು. ಅಂಗಡಿ, ಬ್ಯಾಂಕು, ಚರ್ಚಿಗೆ ಹೋಗುವಾಗ ಅಲ್ಲಿನ ಹಿರಿಯರು ಅಚ್ಚುಕಟ್ಟಾಗಿ ಉಡುತ್ತಾರೆ, ನಿಮ್ಮಿಂದಲೂ ಅದನ್ನೇ ಬಯಸುತ್ತಾರೆ.

3. ಜೀಪು ಓಡುವಾಗ

ಮಾಡಬೇಕಾದ್ದು

• ಕೂತೇ ಇರಿ. ಬೆಲ್ಟು ಬಿಗಿದಿರಲಿ. ಮೊಬೈಲಿಗೆ ಕೊರಳುದಾರ ಇರಲಿ.

• ಕಚ್ಚಾ ದಾರಿಯ ವಿಚಾರದಲ್ಲಿ ಚಾಲಕನ ಮಾತೇ ಕೊನೆ. ದ್ವೀಪದ ಬಹುಭಾಗ ಹವಳದ ಸುಣ್ಣಕಲ್ಲು, ಮಳೆ ಬಿದ್ದರೆ ನೀರು ಇಂಗಿಹೋಗುತ್ತದೆ. ಆದರೆ ಪೂರ್ವದಲ್ಲಿ ಸ್ಕಾಟ್ಲೆಂಡ್ ಡಿಸ್ಟ್ರಿಕ್ಟ್ ಎನ್ನುವ ಭಾಗದಲ್ಲಿ ಆ ಸುಣ್ಣಕಲ್ಲಿನ ಹೊದಿಕೆ ಸವೆದುಹೋಗಿ ಜೇಡಿಮಣ್ಣು ಮೇಲೆದ್ದಿದೆ. ಒಂದು ಮಳೆಗೆ ಅದು ಬೆಣ್ಣೆಯಾಗುತ್ತದೆ, ಗುಡ್ಡ ಜಾರುತ್ತದೆ, ರಸ್ತೆ ಬಿರಿಯುತ್ತದೆ. ನಿನ್ನೆ ಹೋದ ದಾರಿಗೆ ಇವತ್ತು ಹೋಗುವುದಿಲ್ಲ ಎಂದು ಅವನು ಹೇಳಿದರೆ ಅದು ಸೋಮಾರಿತನವಲ್ಲ.

• ಹಾರ್ನ್ ಕೇಳಿದರೆ ಗಾಬರಿಯಾಗಬೇಡಿ. ಅಲ್ಲಿ ಚಿಕ್ಕದಾಗಿ ಒಂದೆರಡು ಸಲ ಒತ್ತಿದರೆ "ನಮಸ್ಕಾರ", "ದಾರಿ ಬಿಟ್ಟೆಯಲ್ಲ, ಉಪಕಾರ" ಎಂದರ್ಥ. ಕೈಯೆತ್ತಿ ಉತ್ತರ ಕೊಡಿ.

ಮಾಡಬಾರದ್ದು

• ಕಬ್ಬಿಣದ ಕಂಬಿ ಹಿಡಿದು ಎದ್ದು ನಿಲ್ಲಕೂಡದು. ಪ್ರತಿ ತಂಡದಲ್ಲೂ ಒಬ್ಬ ಭಾವ ಇರುತ್ತಾನೆ, ವಿಡಿಯೊಗಾಗಿ ನಿಲ್ಲುವವನು. ಕೊಂಬೆ ತಲೆಯ ಎತ್ತರಕ್ಕೇ ಬರುತ್ತದೆ. ದಾರಿಗೆ ಬಾಗಿದ ಕಬ್ಬಿನ ಗರಿ ಕೆನ್ನೆಯನ್ನು ಕೊಯ್ಯುತ್ತದೆ. ಗದ್ದೆಯಲ್ಲಿ ಕೈಯಾಡಿಸಿದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

• ಕೈ, ಕಾಲು, ಸೆಲ್ಫಿ ಕೋಲು ಜೀಪಿನ ಮೈಯಿಂದ ಹೊರಗೆ ಚಾಚಬೇಡಿ.

• ಚಾಲಕನಿಗೆ ರಮ್ ಕುಡಿಸಬೇಡಿ. ಊರೂರಿಗೂ ರಮ್ ಅಂಗಡಿ ಇದೆ. 1703ರಿಂದ ಬಟ್ಟಿ ಇಳಿಸುತ್ತಿರುವ ಮೌಂಟ್ ಗೇ ಈ ದ್ವೀಪದ್ದೇ. ನೀವು ರುಚಿ ನೋಡಿ, ಕೂತು, ನಿಧಾನವಾಗಿ. ಅವನಿಗೆ ಒಂದು ಎಳನೀರು ಕೊಡಿಸಿ.

4. ಕಬ್ಬಿನ ನಡುವೆ

ಮಾಡಬೇಕಾದ್ದು

• ಚೆರ್ರಿ ಟ್ರೀ ಹಿಲ್‌ನಲ್ಲಿ ಇಳಿದು ಎರಡು ನಿಮಿಷ ಸುಮ್ಮನೆ ನಿಲ್ಲಿ. ಹೆಸರಿನ ಚೆರ್ರಿ ಹುಡುಕಬೇಡಿ, ದಾರಿಯ ಇಕ್ಕೆಲದಲ್ಲಿ ಇರುವುದು ಮಹಾಗನಿ. ಸುಮಾರು 850 ಅಡಿ ಎತ್ತರದಿಂದ ಪೂರ್ವದ ಇಡೀ ಕರಾವಳಿ ಕಾಣುತ್ತದೆ.

• ಗದ್ದೆಯ ಅಂಚಿನ ಹುಲ್ಲನ್ನು ಗಮನಿಸಿ. ಮಣ್ಣು ಕೊಚ್ಚಿಹೋಗದಂತೆ ನೆಟ್ಟ ಅದನ್ನು ಅಲ್ಲಿಯವರು ಕಸ್‌ಕಸ್ ಎನ್ನುತ್ತಾರೆ. ಅದು ನಮ್ಮ ಲಾವಂಚ. ಇಂಡಿಯಾದ ಕಡೆಯಿಂದ ಹೋದ ಈ ಬೇರು ಅಲ್ಲೂ ಮಣ್ಣು ಹಿಡಿದಿದೆ.

• ನೋಟದ ಹಿಂದಿರುವ ಲೆಕ್ಕವನ್ನು ಕೇಳಿ ತಿಳಿದುಕೊಳ್ಳಿ. 1640ರ ದಶಕದಲ್ಲಿ ಕಬ್ಬು ಬಂತು, ಅದನ್ನು ಕಡಿಯಲು ಆಫ್ರಿಕಾದಿಂದ ಗುಲಾಮರನ್ನು ತಂದರು. 1661ರಲ್ಲಿ ಮನುಷ್ಯರನ್ನು ಸೊತ್ತಿನಂತೆ ಆಳುವ ಕಾಯ್ದೆಯೇ ಇಲ್ಲಿ ಹುಟ್ಟಿತು. 1816ರಲ್ಲಿ ಬುಸ್ಸಾ ಎಂಬ ಗುಲಾಮನ ಹೆಸರಿನ ದಂಗೆ ಎದ್ದಿತು. ಕಾನೂನಿನ ಬಿಡುಗಡೆ 1834ರಲ್ಲಿ, ನಿಜವಾದ ಬಿಡುಗಡೆ 1838ರಲ್ಲಿ. ಕ್ರೈಸ್ಟ್ ಚರ್ಚ್ ಪ್ಯಾರಿಷ್‌ನ ನ್ಯೂಟನ್‌ನಲ್ಲಿ ಸುಮಾರು 570 ಮಂದಿ ಗುಲಾಮರನ್ನು ಹೂತ ಬಯಲಿದೆ. ಅಲ್ಲಿಗೆ ಹೋದರೆ ಜೀಪಿನ ಹಾಡು ನಿಲ್ಲಿಸಿ.

ಮಾಡಬಾರದ್ದು

• ಕಬ್ಬು ಮುರಿದು ಜಗಿಯಬೇಡಿ. ಗದ್ದೆಗೆ ಯಜಮಾನನಿದ್ದಾನೆ. ಕೊಯ್ಲಿನ ತಿಂಗಳುಗಳಲ್ಲಿ ಕಬ್ಬಿನ ಲಾರಿ ಬಂದರೆ ಜೀಪು ನಿಲ್ಲಿಸಿ ದಾರಿ ಬಿಡುವುದು ವಾಡಿಕೆ, ಚಾಲಕನನ್ನು ಅವಸರಪಡಿಸಬೇಡಿ.

• ಸೇಂಟ್ ನಿಕೊಲಸ್ ಆ್ಯಬಿಯಲ್ಲಿ ಪಾದ್ರಿಗಳನ್ನು ಹುಡುಕಬೇಡಿ. ಅದು ಎಂದೂ ಮಠವಾಗಿರಲಿಲ್ಲ, 1658ರಲ್ಲಿ ಕಟ್ಟಿದ ಜಮೀನ್ದಾರನ ಮಹಲು. "ಎಂಥಾ ವೈಭವ!" ಎನ್ನುವ ಮೊದಲು ಅದು ಯಾರ ಬೆವರಿನದು ಎಂದು ಯೋಚಿಸಿ. ನಿಮ್ಮ ಚಾಲಕನ ಮುತ್ತಜ್ಜನ ಮುತ್ತಜ್ಜ ಅಲ್ಲೇ ಎಲ್ಲೋ ದುಡಿದಿರಬಹುದು.

• ಕಲ್ಲಿನ ಮೇಲೆ ಕೂರಿಸಿದಂತಿರುವ ಪುಟ್ಟ ಮರದ ಮನೆಗಳನ್ನು ಆಟಿಕೆ ಎಂದುಕೊಂಡು ಅಂಗಳಕ್ಕೆ ನುಗ್ಗಬೇಡಿ. ಅವು ಚ್ಯಾಟಲ್ ಮನೆಗಳು. ಬಿಡುಗಡೆಯಾದಮೇಲೂ ಕೂಲಿಗೆ ನೆಲ ಸ್ವಂತವಲ್ಲ, ಮನೆ ಮಾತ್ರ ಸ್ವಂತ. ಧಣಿ ಓಡಿಸಿದರೆ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗಲೆಂದೇ ಹಾಗೆ ಕಟ್ಟಿದರು. ಇವತ್ತಿಗೂ ಜನ ಅವುಗಳಲ್ಲಿ ಬಾಳುತ್ತಿದ್ದಾರೆ. ಜೀಪಿನ ಮೇಲೆ ಕೂತರೆ ಕಣ್ಣು ನೇರ ಅವರ ಕಿಟಕಿಯ ಮಟ್ಟಕ್ಕೆ ಬರುತ್ತದೆ. ಕ್ಯಾಮೆರಾ ಇಳಿಸಿ.

• ಹಸಿರು ಕೋತಿಗಳಿಗೆ ತಿಂಡಿ ಎಸೆಯಬೇಡಿ. 17ನೆಯ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದಿಂದ ಬಂದ ಇವು ಈಗ ರೈತನ ತಲೆನೋವು. ನೀವು ಕೈಯಿಂದ ಕೊಟ್ಟದ್ದನ್ನು ನಾಳೆ ಅವು ಅವನ ತೋಟದಿಂದ ಕೀಳುತ್ತವೆ.

5. ಕಡಲಂಚಿನಲ್ಲಿ

ಮಾಡಬೇಕಾದ್ದು

• ಈಜಬೇಕೆಂದರೆ ಪಶ್ಚಿಮಕ್ಕೆ ಹೋಗಿ, ಅಲ್ಲಿ ಕಡಲು ಸಾಧು. ಪೂರ್ವದ ಬಾತ್‌ಶೀಬಾಕ್ಕೆ ಅಪ್ಪಳಿಸುವುದು ಅಟ್ಲಾಂಟಿಕ್. ನಡುವೆ ತಡೆಯಲು ಆಫ್ರಿಕಾದವರೆಗೆ ಒಂದು ಬಂಡೆಯೂ ಇಲ್ಲ. ಬುಡ ಸವೆದು ಅಣಬೆಯಂತೆ ನಿಂತ ಹವಳಬಂಡೆಗಳನ್ನು ನೋಡಿ, ಅಲ್ಲಿನ ಸೂಪ್ ಬೌಲ್ ಎಂಬಲ್ಲಿ ಅಲೆಯೇರುವವರನ್ನು ನೋಡಿ. ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಹೊಂಡದಲ್ಲಿ ಕಾಲು ಬಿಟ್ಟು ಕೂರಿ, ಅದೂ ಚಾಲಕ ಸರಿಯೆಂದ ಮೇಲೆ.

• ಕುಡಿಯುವ ನೀರಿಗೆ ಸ್ವಂತ ಬಾಟಲಿ ಒಯ್ಯಿರಿ. ಸುಣ್ಣಕಲ್ಲಿನಲ್ಲಿ ಸೋಸಿ ಬರುವ ಅಲ್ಲಿನ ನಲ್ಲಿನೀರು ಕುಡಿಯಲು ಯೋಗ್ಯ.

ಮಾಡಬಾರದ್ದು

• ಪೂರ್ವದ ಕಡಲಿಗೆ ಮೊಳಕಾಲಿಗಿಂತ ಮೇಲೆ ಇಳಿಯಕೂಡದು. ಒಳಸೆಳೆತಕ್ಕೆ ಈಜಬಲ್ಲವನೂ ಒಂದೇ, ಬಾರದವನೂ ಒಂದೇ. ಕೆಂಪು ಬಾವುಟ ಇದ್ದಲ್ಲಿ ಯಾವ ಕಡಲಿಗೂ ಇಳಿಯಬೇಡಿ.

• ಮ್ಯಾಂಚನೀಲ್ ಮರವನ್ನು ಮುಟ್ಟಬೇಡಿ, ಅದರಡಿ ಕೂರಬೇಡಿ, ಮಳೆ ಬಂದರಂತೂ ಅದರ ಕೆಳಗೆ ನಿಲ್ಲಲೇಬೇಡಿ. ಈ ಸೂಚನೆಯಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನೇ ನೆನಪಿಡಿ. ಹಣ್ಣು ಪುಟ್ಟ ಹಸಿರು ಸೇಬಿನಂತಿದ್ದು ಮಕ್ಕಳ ಕೈ ತಾನಾಗಿ ಹೋಗುತ್ತದೆ. ಕಚ್ಚಿದರೆ ಬಾಯಿ-ಗಂಟಲು ಬೇಯುತ್ತದೆ. ಎಲೆಯಿಂದ ತೊಟ್ಟಿಕ್ಕುವ ಮಳೆನೀರಿನಲ್ಲೂ ಮರದ ಹಾಲು ಬೆರೆತಿರುತ್ತದೆ, ಬಿದ್ದಲ್ಲಿ ಬೊಕ್ಕೆ ಏಳುತ್ತದೆ. ಅನೇಕ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಕಡೆಯೂ ಅಲ್ಲ. ಸೂರಿಲ್ಲದ ಜೀಪಿನಲ್ಲಿ ಮಳೆ ಬಂತೆಂದರೆ ಮನಸ್ಸು ಮರದಡಿಗೇ ಓಡುತ್ತದೆ. ನೆನೆಯಿರಿ, ನೆನೆದದ್ದು ಒಣಗುತ್ತದೆ.

• ಜೀಪನ್ನು ಮರಳಿಗೆ ಇಳಿಸು ಎಂದು ಹಟ ಹಿಡಿಯಬೇಡಿ. ಮರಳಿನಡಿ ಕಡಲಾಮೆಯ ಮೊಟ್ಟೆ ಇರುತ್ತದೆ, ಚಕ್ರದಡಿ ಒಂದು ಸಂಸಾರವೇ ಹೋಗುತ್ತದೆ.

• ಹವಳದ ತುಂಡು, ಶಂಖ, ಮರಳು ಯಾವುದನ್ನೂ ಚೀಲಕ್ಕೆ ಹಾಕಬೇಡಿ. ಪೂರ್ವಾನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

6. ಜನರ ಎದುರು

ಮಾಡಬೇಕಾದ್ದು

• ಮೊದಲು "ಗುಡ್ ಮಾರ್ನಿಂಗ್", ಆಮೇಲೆ ಪ್ರಶ್ನೆ. ಬೇಜನ್ ಜನ, ಅಂದರೆ ಬಾರ್ಬಡೋಸಿನವರು, ಇದರಲ್ಲಿ ಬಲು ಕಟ್ಟುನಿಟ್ಟು. ಜೀಪಿನ ಮೇಲಿಂದಲೇ "ಬೀಚ್ ಎಲ್ಲಿ?" ಎಂದು ಕೂಗಿದರೆ ಉತ್ತರ ಸಿಗಬಹುದು, ಮರ್ಯಾದೆ ಸಿಗುವುದಿಲ್ಲ.

• ಚಾಲಕನ ಹೆಸರು ಕೇಳಿ, ಹೆಸರು ಹಿಡಿದೇ ಕರೆಯಿರಿ. ಚಿಟಿಕೆ, ಚಪ್ಪಾಳೆ, "ಏಯ್" ನಿಷಿದ್ಧ.

• ಕ್ರಿಕೆಟ್ ಮಾತು ತೆಗೆಯಿರಿ, ಆದರೆ ಕೇಳಿಸಿಕೊಳ್ಳುವ ಸಿದ್ಧತೆಯಿಂದ. ಮೂರು ಲಕ್ಷಕ್ಕೂ ಕಡಿಮೆ ಜನರಿರುವ ಈ ನೆಲ ಗ್ಯಾರಿ ಸೋಬರ್ಸ್ ಅವರನ್ನು ಕೊಟ್ಟಿತು. ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ಇಲ್ಲಿಯವರೇ. 1962ರಲ್ಲಿ ಬಾರ್ಬಡೋಸ್ ವಿರುದ್ಧದ ಪಂದ್ಯದಲ್ಲಿ ಚೆಂಡು ತಗುಲಿ ನಮ್ಮ ನಾಯಕ ನಾರಿ ಕಂಟ್ರ್ಯಾಕ್ಟರ್ ತಲೆ ಒಡೆದಾಗ ರಕ್ತ ಕೊಟ್ಟವರಲ್ಲಿ ಫ್ರಾಂಕ್ ವೊರೆಲ್ ಒಬ್ಬರು. 2024ರಲ್ಲಿ ಕೋಚ್ ರಾಹುಲ್ ದ್ರಾವಿಡ್ ಕೈಗೆ ವಿಶ್ವಕಪ್ ಬಂದ ಕೆನ್ಸಿಂಗ್ಟನ್ ಓವಲ್ ಮುಂದೆ ನಮ್ಮ ಸಂಭ್ರಮ ಹೇಳಿಕೊಳ್ಳುವಾಗ ಈ ಋಣವೂ ನೆನಪಿರಲಿ.

ಮಾಡಬಾರದ್ದು

• "ಇವರಿಗೆ ಕನ್ನಡ ಎಲ್ಲಿ ಅರ್ಥವಾಗುತ್ತದೆ" ಎಂದು ಯಾರ ಮೈಬಣ್ಣದ ಬಗ್ಗೆಯೂ, ಕೂದಲಿನ ಬಗ್ಗೆಯೂ ಆಡಿಕೊಳ್ಳಬೇಡಿ. ಪದ ಅರ್ಥವಾಗದಿರಬಹುದು, ನೋಟ, ನಗು, ತೋರಿದ ಬೆರಳು ಎಲ್ಲ ಭಾಷೆಯಲ್ಲೂ ಒಂದೇ. ನಮ್ಮ ಮನೆಗಳಲ್ಲಿ ಸಲೀಸಾಗಿ ಬಾಯಿಗೆ ಬರುವ ಒಂದೆರಡು ಪದಗಳಿವೆ. ಅವು ಅಲ್ಲಿ ಬಾಯಿಗೆ ಬರಕೂಡದು, ಇಲ್ಲೂ ಕೂಡ.

• ಕೇಳದೆ ಮಕ್ಕಳ ಫೋಟೊ ತೆಗೆಯಬೇಡಿ.

• ಗೆದ್ದ ದಿನ ರೋಹಿತ್ ಶರ್ಮಾ ಪಿಚ್ಚಿನ ಮಣ್ಣನ್ನು ಬಾಯಿಗೆ ಹಾಕಿಕೊಂಡರೆಂದು ನೀವು ಕ್ರೀಡಾಂಗಣದ ಹುಲ್ಲು ಕೀಳಬೇಡಿ. ಅವರು ಕಪ್ ಗೆದ್ದಿದ್ದರು.

• ಕಡಲದಂಡೆಯಲ್ಲಿ ಯಾರಾದರೂ ಗಾಂಜಾ ಕೊಡಲು ಬಂದರೆ ಬೇಡವೆಂದು ತಲೆಯಾಡಿಸಿ ಮುಂದೆ ನಡೆಯಿರಿ. ಮೋಜಿಗೆ ಸೇದುವುದು ಅಲ್ಲೂ ಅಪರಾಧ.

7. ಊಟದ ಹೊತ್ತಿಗೆ

ಮಾಡಬೇಕಾದ್ದು

• ಮಾಂಸಾಹಾರಿಗಳು ಕೂಕೂ ಮತ್ತು ಹಾರುಮೀನು ತಿನ್ನಿ. ದೇಶದ ಊಟ ಅದು. ಕೂಕೂ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯ ಜೊತೆ ತಿರುವಿ ಮಾಡಿದ್ದು. ಮುದ್ದೆ ನುಂಗಿ ಬೆಳೆದವರಿಗೆ ಪರಿಚಯ ಬೇಡ. ನವೆಂಬರಿನಲ್ಲಿ ಹೋದವರು ಬಾಳೆಲೆಯಲ್ಲಿ ಬೇಯಿಸಿದ ಕಾಂಕಿ ಕೇಳಿ. ಮೆಕ್ಕೆಜೋಳದ ಹಿಟ್ಟು, ಕುಂಬಳ, ತೆಂಗಿನಕಾಯಿ ಸೇರಿದ ಅದು ನಮ್ಮ ಕಡುಬಿನ ದೂರದ ತಂಗಿ.

• ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿದೆಯೇ ನೋಡಿ, ಆಮೇಲೆ ಟಿಪ್ಸ್ ಇಡಿ. ಚಾಲಕನ ಊಟದ ಖರ್ಚು ನಿಮ್ಮದು.

ಮಾಡಬಾರದ್ದು

• ಸಸ್ಯಾಹಾರಿಗಳು "ರೈಸ್ ಆ್ಯಂಡ್ ಪೀಸ್" ಎಂಬ ಹೆಸರು ನೋಡಿ ಮೋಸಹೋಗಬೇಡಿ. ಅದಕ್ಕೆ ಉಪ್ಪು ಹಾಕಿ ಇಟ್ಟ ಮಾಂಸ ಬೆರೆಸುವುದುಂಟು. "ಮಾಂಸ ಇಲ್ಲವೇ" ಎಂದಷ್ಟೇ ಕೇಳಿದರೆ ಸಾಲದು, "ಬೇಯಿಸುವಾಗ ಹಾಕಿದ್ದೀರಾ" ಎಂದು ಕೇಳಿ. ರೊಟ್ಟಿಯೊಳಗಿನ ಪಲ್ಯ ಯಾವುದರದೆಂದೂ ವಿಚಾರಿಸಿ.

• ಬುತ್ತಿಯ ಪ್ಲಾಸ್ಟಿಕ್ ತಟ್ಟೆ, ಚಮಚ ಒಯ್ಯಬೇಡಿ. ಒಮ್ಮೆ ಬಳಸಿ ಎಸೆಯುವ ಇಂಥ ಪ್ಲಾಸ್ಟಿಕ್ಕನ್ನು ದೇಶ 2019ರಲ್ಲೇ ನಿಷೇಧಿಸಿದೆ. ಚಕ್ಕುಲಿ ಡಬ್ಬಿ ಒಯ್ಯಬಹುದು. ಮೊದಲ ಪಾಲು ಚಾಲಕನಿಗೆ.

8. ಅವಘಡವಾದರೆ

ಪೊಲೀಸ್ 211. ಅಗ್ನಿಶಾಮಕ 311. ಆಂಬುಲೆನ್ಸ್ 511. ನಮ್ಮ 112 ಅಲ್ಲ. ಹೊರಡುವ ಮುನ್ನವೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮ್ಯಾಂಚನೀಲ್ ಹಾಲು ತಾಗಿದರೆ ಉಜ್ಜದೆ ಸೋಪುನೀರಿನಿಂದ ತೊಳೆಯಿರಿ, ಕಣ್ಣಿಗೆ ಬಿದ್ದರೆ ಶುದ್ಧ ನೀರು ಹಾಯಿಸುತ್ತಲೇ ಆಸ್ಪತ್ರೆಗೆ ಹೊರಡಿ.

9. ಇಳಿಯುವ ಮುನ್ನ

ಸೀಟಿನಡಿ ನೋಡಿ: ಕನ್ನಡಕ, ಔಷಧಿ, ಅಜ್ಜಿಯ ಶಾಲು. ಮಕ್ಕಳ ಜೇಬು ತಡಕಿ. ಒಂದು ಹವಳದ ತುಂಡು ಇದ್ದೇ ಇರುತ್ತದೆ. ಅದನ್ನು ಚಾಲಕನ ಕೈಗೆ ಕೊಟ್ಟು, ನಾಳೆ ಆ ಕಡೆ ಹೋದಾಗ ಕಡಲಿಗೆ ಹಾಕಿಬಿಡಿ ಎನ್ನಿ. ಮಗು ಅಳಬಹುದು. ಅಳಲಿ.